ಗೂಗಲ್ ಗ್ರೂಪ್ಸ್ ಮತ್ತು ಡ್ರೈವ್: ಮೇಷ್ಟ್ರುಗಳ ಮೇಲ್ ಗುಂಪಿನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮದು ಪ್ರೌಢಶಾಲಾ ಗಣಿತ ಶಿಕ್ಷಕರ ಮೇಲ್ ಗುಂಪು. ವಾಟ್ಸ್‌ಆ್ಯಪ್ ಬಂದಮೇಲೂ ಇದನ್ನು ಬಿಟ್ಟಿಲ್ಲ. ಹೋದ ವರ್ಷದ ಎಸ್‌ಎ-1 (ಮೊದಲ ಸಂಕಲನಾತ್ಮಕ ಪರೀಕ್ಷೆ) ಪ್ರಶ್ನೆಪತ್ರಿಕೆ ಇಲ್ಲಿ ಹುಡುಕಿದರೆ ಸಿಗುತ್ತದೆ, ಅಲ್ಲಿ 'ಗುಡ್ ಮಾರ್ನಿಂಗ್' ಹೂಗಳಡಿ ಹೂತುಹೋಗಿರುತ್ತದೆ. ಹಾಗಾಗಿ ಒಂದೇ ವಿಳಾಸಕ್ಕೆ ಬರೆದ ಮೇಲ್ ಎಲ್ಲ ಸದಸ್ಯರಿಗೂ ಹೋಗಿ ಸಂಗ್ರಹದಲ್ಲೂ ಉಳಿಯುವ ಗೂಗಲ್ ಗ್ರೂಪ್ಸ್, ಜೊತೆಗೆ ಫೈಲ್ ಇಡಲು ಗೂಗಲ್ ಡ್ರೈವ್. ಎರಡೂ ಉಚಿತ.

ಮೊದಮೊದಲು ಎಲ್ಲರೂ ಮೇಲ್‌ಗೇ ಫೈಲ್ ಅಂಟಿಸುತ್ತಿದ್ದರು. 25 ಎಂಬಿ ಮಿತಿ ನಮ್ಮ ಪ್ರಶ್ನೆಪತ್ರಿಕೆಗಳಿಗೆ ಧಾರಾಳವಾಯಿತು. ತೊಡಕು ಬೇರೆಯೇ ಇತ್ತು. ಕೀ ಉತ್ತರದಲ್ಲಿ ಒಂದು ಲೆಕ್ಕ ತಪ್ಪಿದರೆ 'ಹಿಂದಿನದು ಬಿಡಿ, ಇದನ್ನು ತಗೊಳ್ಳಿ' ಎಂದು ಇನ್ನೊಂದು ಮೇಲ್ ಹೋಗುತ್ತಿತ್ತು, ಅರ್ಧ ಜನ ಹಳೆಯದನ್ನೇ ಪ್ರಿಂಟ್ ಹಾಕಿಸಿರುತ್ತಿದ್ದರು. ಈಗ ಪಿಡಿಎಫ್ ಡ್ರೈವ್‌ನಲ್ಲಿರುತ್ತದೆ, ಗುಂಪಿಗೆ ಲಿಂಕ್ ಮಾತ್ರ. 'ಮ್ಯಾನೇಜ್ ವರ್ಷನ್ಸ್'ನಲ್ಲಿ ತಿದ್ದಿದ್ದನ್ನು ಏರಿಸಿದರೆ ಅದೇ ಲಿಂಕ್‌ನಲ್ಲಿ ಹೊಸದು ತೆರೆದುಕೊಳ್ಳುತ್ತದೆ. ಹಳೆಯದು ಸಾಮಾನ್ಯವಾಗಿ 30 ದಿನ ಅಲ್ಲೇ ಉಳಿದಿರುತ್ತದೆ, ಬೇಕಾದರೆ ತೆಗೆದು ನೋಡಬಹುದು.

ನನಗೆ ತುಂಬಾ ಹಿಡಿಸಿದ್ದೆಂದರೆ ಫೈಲನ್ನು ಒಬ್ಬೊಬ್ಬರಿಗಲ್ಲ, ಗುಂಪಿನ ಮೇಲ್ ವಿಳಾಸಕ್ಕೇ ಹಂಚಬಹುದು ಎನ್ನುವುದು. ಹೊಸಬರು ಸೇರಿದರೆ ಹಳೆಯ ಫೈಲ್‌ಗಳೂ ಅವರಿಗೆ ತೆರೆಯುತ್ತವೆ. ಯಾರನ್ನಾದರೂ ಗುಂಪಿನಿಂದ ತೆಗೆದರೆ ಆ ಬಾಗಿಲು ತಾನೇ ಮುಚ್ಚುತ್ತದೆ. ಆಗಲೇ ಇಳಿಸಿಕೊಂಡದ್ದನ್ನು ಮಾತ್ರ ಯಾರೂ ವಾಪಸ್ ತರಲಾರರು.

ಕಿರಿಕಿರಿ ಶುರುವಾಗುವುದೂ ಇಲ್ಲೇ. ಮೇಷ್ಟ್ರು ಗುಂಪಿಗೆ ಸೇರಿದ್ದು ಒಂದು ವಿಳಾಸದಿಂದ, ಮೊಬೈಲ್‌ನಲ್ಲಿರುವುದು ಮಗ ಮಾಡಿಕೊಟ್ಟ ಇನ್ನೊಂದು ಜಿಮೇಲ್. ಲಿಂಕ್ ಒತ್ತಿದರೆ 'ಅನುಮತಿ ಬೇಕು' ಎನ್ನುತ್ತದೆ. ಅವರು 'ರಿಕ್ವೆಸ್ಟ್' ಒತ್ತುತ್ತಾರೆ, ಫೈಲ್ ಹಾಕಿದವರಿಗೆ ಮೇಲ್‌ಗಳ ಸುರಿಮಳೆ. ಪರೀಕ್ಷೆ ನಾಳೆ ಎನ್ನುವ ಹೊತ್ತಿನಲ್ಲಿ ಬೇಸತ್ತವರು ಏನು ಮಾಡುತ್ತಾರೆ? 'ಲಿಂಕ್ ಇರುವ ಯಾರಾದರೂ' ಎಂದು ತೆರೆದುಬಿಡುತ್ತಾರೆ. ಸಂಜೆಯೊಳಗೆ ಆ ಲಿಂಕ್ ಟ್ಯೂಷನ್ ಗುಂಪುಗಳಲ್ಲಿ! ನಮ್ಮಲ್ಲಿ ಫೈಲ್ ಹೊರಬಿದ್ದದ್ದೆಲ್ಲ ಹೀಗೆಯೇ. ಪಾಸ್‌ವರ್ಡ್ ಕದ್ದ ಕಳ್ಳ ಯಾರೂ ಇರಲಿಲ್ಲ. ಈಗ ಎರಡು ವಿಳಾಸ ಇರುವವರನ್ನು ಎರಡರಿಂದಲೂ ಗುಂಪಿಗೆ ಸೇರಿಸಿ, ಒಂದಕ್ಕೆ ಮೇಲ್ ಬರದಂತೆ ಮಾಡಿದ್ದೇವೆ. ಜಗಳ ಬಹುಪಾಲು ನಿಂತಿದೆ.

ಪ್ರಶ್ನೆಪತ್ರಿಕೆಗಿಂತ ನನಗೆ ಭಯ ಎಕ್ಸೆಲ್ ಶೀಟ್‌ಗಳದ್ದು. 'ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ), ಎಸ್‌ಎ ಅಂಕ ಕೂಡಿಸಿದರೆ ಗ್ರೇಡ್ ಬರುತ್ತಿಲ್ಲ, ಯಾರಾದರೂ ಫಾರ್ಮುಲಾ ಸರಿಮಾಡಿ ಕೊಡಿ' ಎಂದು ಇಡೀ ತರಗತಿಯ ಶೀಟ್ ಬರುತ್ತದೆ. ನೋಡಲು ಹೆಸರು, ಅಂಕ ಅಷ್ಟೇ. ಆದರೆ ಮೇಲಿನ ಅಕ್ಷರಗಳನ್ನು ಗಮನಿಸಿ: ಸಿ ಆದಮೇಲೆ ನೇರ ಎಚ್. ನಡುವಿನ ಕಾಲಂಗಳನ್ನು ಮುಚ್ಚಿಟ್ಟಿದ್ದಾರೆ, ಅಳಿಸಿಲ್ಲ. ಬಲ ಕ್ಲಿಕ್, 'ಅನ್‌ಹೈಡ್', ಆಯಿತು: ಜಾತಿ, ಆಧಾರ್ ಸಂಖ್ಯೆ, ಅಪ್ಪನ ಮೊಬೈಲ್ ಎಲ್ಲವೂ ಹೊರಗೆ. ಗುಂಪು ನೋಡಿಕೊಳ್ಳುವ ಮಾಡರೇಟರ್ ಆ ಮೇಲನ್ನು ಗುಂಪಿನ ಸಂಗ್ರಹದಿಂದ ಅಳಿಸಬಹುದು. ಎಲ್ಲರ ಇನ್‌ಬಾಕ್ಸ್‌ಗೆ ಇಳಿದ ಪ್ರತಿ ಹಾಗೇ ಇರುತ್ತದೆ. ಫಾರ್ಮುಲಾ ಕೇಳಲು ಮಕ್ಕಳ ವಿವರ ಯಾಕೆ ಬೇಕು? ಹೊಸ ಶೀಟಿನಲ್ಲಿ ಅ, ಆ, ಇ ಎಂದು ನಾಲ್ಕು ಸಾಲು ಬರೆದು, ಸುಳ್ಳು ಅಂಕ ಹಾಕಿ ಕೇಳಿ ಅಂತ ಹೇಳಿ ಹೇಳಿ ಸಾಕಾಗಿದೆ.

ಪಿಡಿಎಫ್‌ನಲ್ಲೂ ಇದೇ ಕಥೆ. ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು, ಅದರಡಿಯ ಅಕ್ಷರ ಎಷ್ಟೋ ಸಲ ಕಾಪಿ ಆಗುತ್ತದೆ.

ಕನ್ನಡ ಟೈಪಿಸುವ ನುಡಿ ತಂತ್ರಾಂಶದ ಅಕ್ಷರದ ವಿಷಯ ಹೇಳಲೇಬೇಕು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪಿಸಿದ ವರ್ಡ್ ಫೈಲ್ ಡ್ರೈವ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಆಗ ಯಾರೋ ಪುಣ್ಯಾತ್ಮರು ಇಡೀ ನುಡಿ ಸಾಫ್ಟ್‌ವೇರನ್ನೇ ಗುಂಪಿಗೆ ಕಳಿಸಲು ಹೊರಡುತ್ತಾರೆ. ಡಾಟ್ ಇಎಕ್ಸ್‌ಇ (ಒತ್ತಿದರೆ ಓಡುವ ಪ್ರೋಗ್ರಾಂ) ಫೈಲನ್ನು ಜಿಮೇಲ್ ಬಿಡುವುದಿಲ್ಲ, ಜಿಪ್ ಮಾಡಿದರೂ ಬಿಡುವುದಿಲ್ಲ. ಅದಕ್ಕೆ 'ಹೆಸರು ಬದಲಿಸಿ ಕಳಿಸಿದ್ದೇನೆ, ಇಳಿಸಿಕೊಂಡು ಮತ್ತೆ ಇಎಕ್ಸ್‌ಇ ಮಾಡಿಕೊಳ್ಳಿ' ಎಂಬ ಉಪಾಯ. ವೈರಸ್ ಹರಡಲು ಇದಕ್ಕಿಂತ ಒಳ್ಳೆಯ ದಾರಿ ಬೇಕೆ? ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಬದಲಿಸಿ ಕಳಿಸಿ, ಇಲ್ಲವೇ ಪಿಡಿಎಫ್ ಮಾಡಿ.

ಸೆಟ್ಟಿಂಗ್‌ಗಳಲ್ಲಿ ಎರಡನ್ನು ತಪ್ಪದೆ ನೋಡಿ. ಗುಂಪಿನ ಸಂಭಾಷಣೆ ಯಾರಿಗೆ ಕಾಣಬೇಕು ಎಂಬಲ್ಲಿ 'ಸದಸ್ಯರು' ಎಂದಿರಲಿ. ಡ್ರೈವ್ ಫೈಲಿನಲ್ಲಿ, ತಿದ್ದುವವರು ಇತರರಿಗೆ ಹಂಚಬಹುದು ಎಂಬ ಟಿಕ್ ತೆಗೆಯಿರಿ. ನೋಡುವವರು ಡೌನ್‌ಲೋಡ್ ಮಾಡದಂತೆಯೂ ತಡೆಯಬಹುದು, ಆದರೆ ಪರದೆಯ ಫೋಟೊ ಹೊಡೆಯುವವರಿಗೆ ಅದು ಲೆಕ್ಕಕ್ಕಿಲ್ಲ.

ಉಚಿತ ಖಾತೆಯ ದೊಡ್ಡ ಕೊರತೆ ಎಂದರೆ ಫೈಲಿನ ಒಡೆತನ ವ್ಯಕ್ತಿಯದು, ಗುಂಪಿನದಲ್ಲ. ಹಿರಿಯರೊಬ್ಬರು ನಿವೃತ್ತರಾಗಿ 'ಜಾಗ ತುಂಬಿತು' ಎಂದು ಡ್ರೈವ್ ಖಾಲಿ ಮಾಡಿದರೆ ಅವರು ಇಟ್ಟಿದ್ದಷ್ಟೂ ಹೋಯಿತು. ಒಡೆತನ ವರ್ಗಾಯಿಸಬಹುದು, ಆದರೆ ಪಡೆಯುವವರು ಒಪ್ಪಿಕೊಳ್ಳಬೇಕು. ಹಾಗಾಗಿ ನಾವು ಗುಂಪಿಗೆಂದೇ ಪ್ರತ್ಯೇಕ ಖಾತೆ ತೆರೆದು, ಉಳಿಯಬೇಕಾದ ಫೈಲ್‌ಗಳನ್ನೆಲ್ಲ ಅದಕ್ಕೆ ಸೇರಿಸಿದ್ದೇವೆ. ಅದರ 15 ಜಿಬಿಗೆ ಪ್ರಶ್ನೆಪತ್ರಿಕೆಗಳು ಏನೇನೂ ಅಲ್ಲ. ವಿಡಿಯೊ ಪಾಠಗಳಿಗೆ ಮಾತ್ರ ಅಲ್ಲಿ ಜಾಗ ಕೊಡುತ್ತಿಲ್ಲ.