ಅಶೋಕದ ಸಸಿ ತರುತ್ತೀರಾ? ಬಿಲ್ಲಿನಲ್ಲಿ 'ಸರಾಕಾ' ಅಂತ ಬರೆಸಿಕೊಳ್ಳಿ

ಮನೆ ಮುಂದೆ ಸೀತಾ ಅಶೋಕ ನೆಡಬೇಕು ಅಂತ ಆಸೆ ಇರುವವರು ದಯವಿಟ್ಟು ಇದನ್ನು ಓದಿ.

ಮೈಸೂರಿನ ನಮ್ಮ ಮನೆಗೆ ಅಂತ ಒಂದು ನರ್ಸರಿಯಿಂದ ಸಸಿ ತಂದೆವು. "ಕಿತ್ತಳೆ ಬಣ್ಣದ ಹೂಗೊಂಚಲು ಬಿಡುತ್ತಲ್ಲ, ಆ ಅಶೋಕ ಬೇಕು" ಎಂದು ಬಿಡಿಸಿಯೇ ಹೇಳಿದ್ದೆವು. "ಅದೇ ಸಾರ್, ಚಿಗುರು ನೋಡಿ" ಅಂತ ತಾಮ್ರದ ಬಣ್ಣದ ಎಳೆ ಎಲೆ ತೋರಿಸಿದರು. ವರ್ಷಗಟ್ಟಲೆ ನೀರು ಹಾಕಿದ ಮೇಲೆ ಬಂದದ್ದು ಏನು? ಹುಡುಕಿದರೆ ಮಾತ್ರ ಕಾಣುವ ಹಸಿರು ಹೂ. ಅದು ಆಫೀಸುಗಳ ಕಾಂಪೌಂಡಿನಲ್ಲಿ ಸಾಲಾಗಿ ನಿಂತಿರುತ್ತದಲ್ಲ, ಆ ಕಂಬದ ಮರ.

ಕೇಳಲು ಹೋದರೆ, "ಅದನ್ನೂ ಅಶೋಕ ಅಂತಲೇ ಕರೆಯೋದು ಸಾರ್. ಬಿಲ್ ನೋಡಿ" ಅಂದರು. ಬಿಲ್ಲಿನಲ್ಲಿ 'ಅಶೋಕ' ಅಂತಷ್ಟೇ ಇತ್ತು. ಜಗಳ ಅಲ್ಲಿಗೇ ಮುಗಿಯಿತು.

ನಿಮಗೆ ಬೇಕಾದ ಸೀತಾ ಅಶೋಕದ ವೈಜ್ಞಾನಿಕ ಹೆಸರು ಸರಾಕಾ ಅಸೋಕಾ. ನಮ್ಮ ಪಶ್ಚಿಮ ಘಟ್ಟದ್ದೇ ಮರ, ತೊಗರಿ, ಹುರುಳಿಯ ಕುಟುಂಬದ್ದು. ಕಂಬದ ಮರ ಮೋನೂನ್ ಲಾಂಗಿಫೋಲಿಯಮ್. ನರ್ಸರಿಗಳಲ್ಲಿ ಇನ್ನೂ ಪಾಲಿಯಾಲ್ಥಿಯಾ ಅನ್ನುವ ಹಳೆಯ ಹೆಸರೇ ಓಡುತ್ತದೆ. ಅದು ಸೀತಾಫಲದ ಕುಟುಂಬ (ಸೀತೆ ಅಲ್ಲೂ ಬಂದಳು ನೋಡಿ!). ಹಳೆಯ ಪುಸ್ತಕ, ಬೋರ್ಡುಗಳಲ್ಲಿ ಸೀತಾ ಅಶೋಕಕ್ಕೆ 'ಸರಾಕಾ ಇಂಡಿಕಾ' ಅಂತ ಇರುವುದೂ ಉಂಟು. ಆದರೆ ಯಾರಾದರೂ ಬರೀ 'ಇಂಡಿಕಾ' ಅಂದರೆ ತಲೆಯಾಡಿಸಬೇಡಿ. ಮಾವು, ಬೇವು, ಹುಣಸೆ ಎಲ್ಲದರ ಹೆಸರಲ್ಲೂ ಇಂಡಿಕಾ ಇದೆ. ಮೊದಲ ಪದ ಕೇಳಿ.

ಚಿಗುರಿನ ಬಣ್ಣ ನಂಬಲೇಬೇಡಿ. ಎರಡರದ್ದೂ ಕೆಂಪು-ತಾಮ್ರವೇ. ಬಲಿತ ಎಲೆ ನೋಡಿ. ಕಂಬದ ಮರದ್ದು ಬಿಡಿ ಎಲೆ, ಅಂಚು ಅಲೆ ಅಲೆಯಾಗಿರುತ್ತದೆ. ಸೀತಾ ಅಶೋಕದಲ್ಲಿ ಒಂದೇ ಕಡ್ಡಿಗೆ ಎದುರುಬದುರಾಗಿ ಜೊತೆ ಜೊತೆ ಎಲೆ, ಸಾಮಾನ್ಯವಾಗಿ 4ರಿಂದ 6 ಜೊತೆ. ತೀರಾ ಎಳೆ ಸಸಿಯಲ್ಲಿ ಕಡಿಮೆ ಇರಬಹುದು. ಆಗ ಬುಡ ಗಮನಿಸಿ: ಇಡೀ ಕಡ್ಡಿ ಕೊಂಬೆಗೆ ಸೇರುವಲ್ಲಿ ಪುಟ್ಟ ಮೊಗ್ಗು ಇರುತ್ತದೆ, ಕಡ್ಡಿಯ ಮೇಲಿನ ಒಂದೊಂದು ಎಲೆಯ ಬುಡದಲ್ಲಿ ಇರುವುದಿಲ್ಲ. ಆನ್‌ಲೈನ್‌ನಲ್ಲಿ ಹೂವಿನ ಫೋಟೋ ಹಾಕಿ ಮಾರುವವರ ಹತ್ತಿರ ಸಸಿಯ ಎಲೆಯ ಫೋಟೋನೇ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಇನ್ನೊಂದು ವಿಷಯ, ಇದು ಜಾಸ್ತಿ ಮುಖ್ಯ. ಔಷಧಿಗೆ ಬಳಸುವ ಅಶೋಕದ ತೊಗಟೆಗೆ ಈ ಕಂಬದ ಮರದ ತೊಗಟೆಯನ್ನೇ ಬೆರೆಸಿ ಮಾರುವುದುಂಟು. ಹೆಸರು ನಂಬಿಕೊಂಡು ಮನೆಯಲ್ಲೇ ಕಷಾಯ ಮಾಡುವವರೂ ಇದ್ದಾರೆ. ನಮ್ಮ ಬೀದಿಯ ಹಿರಿಯರೊಬ್ಬರು ಮಗಳಿಗೆ ಬೇಕು ಅಂತ ಚಾಕು ಹಿಡಿದೇ ಬಂದಿದ್ದರು. ಗೇಟಿನಲ್ಲೇ ತಡೆದು, ಆಯುರ್ವೇದ ವೈದ್ಯರನ್ನು ಕೇಳಿ ಎಂದು ಕಳಿಸಿದೆವು. "ಅಶೋಕದ ಮರ ಇಟ್ಟುಕೊಂಡೂ ಒಂದು ತುಂಡು ತೊಗಟೆ ಕೊಡಲಿಲ್ಲ" ಅಂತ ಅವರಿಗೆ ಇವತ್ತಿಗೂ ಕೋಪ.