ನನ್ನ ಓಟು ಪ್ರಶ್ನಾರ್ಥಕ ಚಿಹ್ನೆಗೆ

ಆನ್‌ಲೈನ್ ನೋಟ್‌ಬುಕ್‌ನಲ್ಲಿ (ಬ್ರೌಸರಿನಲ್ಲೇ ಕೋಡ್ ಬರೆದು ರನ್ ಮಾಡುವ ಪುಟ) ಪೈಥಾನ್ ಬರೆಯುವಾಗ ಲೈಬ್ರರಿಯ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ, ಡಾಕ್ಯುಮೆಂಟೇಶನ್ ಬೇಕಾದರೆ ಮೂರು ದಾರಿ ಬಳಸಿ ನೋಡಿದ್ದೇನೆ. ಸರ್ಚ್ ಮಾಡಿ ಲೈಬ್ರರಿಯ ವೆಬ್‌ಸೈಟಿಗೆ ಹೋಗುವುದು, ಹಲವು ಲೈಬ್ರರಿಗಳ ಡಾಕ್ಯುಮೆಂಟೇಶನ್ ಒಂದೇ ಕಡೆ ಸಿಗುವ ಡೆವ್‌ಡಾಕ್ಸ್ ಎಂಬ ವೆಬ್‌ಸೈಟ್ ತೆರೆಯುವುದು, ಇಲ್ಲವೇ ಫಂಕ್ಷನ್ ಹೆಸರಿನ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸೆಲ್ (ನೋಟ್‌ಬುಕ್ಕಿನಲ್ಲಿ ಕೋಡ್ ಬರೆಯುವ ಚೌಕ) ರನ್ ಮಾಡುವುದು. ಮೂರನೆಯದೇ ನನಗಿಷ್ಟ. ಈ ಇಷ್ಟ ಸುಮ್ನೆ ಬಂದದ್ದಲ್ಲ, ಒಂದಿಡೀ ಸಂಜೆ ಹಾಳು ಮಾಡಿಕೊಂಡು ಬಂದದ್ದು.

ಹಳೆಯ ನೋಟ್‌ಬುಕ್ ಒಂದನ್ನು ಬಹಳ ದಿನಗಳ ಮೇಲೆ ತೆರೆದಿದ್ದೆ. ಕೋಡಿನ ಒಂದಕ್ಷರವನ್ನೂ ಮುಟ್ಟಿರಲಿಲ್ಲ. ಆದರೂ ರನ್ ಮಾಡಿದ ಕೂಡಲೇ ಎರರ್: ಡೇಟಾಫ್ರೇಮ್‌ಗೆ (ಡೇಟಾ ಇಟ್ಟುಕೊಳ್ಳುವ ಟೇಬಲ್) ಸಾಲು ಸೇರಿಸುವ 'ಅಪೆಂಡ್' ಎಂಬುದೇ ಇಲ್ಲವಂತೆ! ಸರ್ಚ್ ಮಾಡಿದೆ. ಈ ಡೇಟಾಫ್ರೇಮ್ ಕೊಡುವ ಲೈಬ್ರರಿಯಾದ ಪಾಂಡಾಸ್‌ನ ಅಧಿಕೃತ ಪುಟವೇ ಸಿಕ್ಕಿತು. ಅಲ್ಲಿ ಅಪೆಂಡ್ ಇದೆ, ಬಳಸುವ ರೀತಿ ಇದೆ, ಉದಾಹರಣೆಯೂ ಇದೆ. ಹಾಗಾದರೆ ತಪ್ಪು ನನ್ನದೇ ಇರಬೇಕು, ಅಲ್ವಾ? ಸ್ಪೆಲಿಂಗ್ ನೋಡಿದೆ. ಫೈಲ್ ಮತ್ತೆ ಅಪ್‌ಲೋಡ್ ಮಾಡಿದೆ. ಸೆಷನ್ ರೀಸ್ಟಾರ್ಟ್ ಮಾಡಿದೆ. ಎರಡು ಸಲ.

ಆಮೇಲೆ ಪುಟದ ವಿಳಾಸದ ಮೇಲೆ ಕಣ್ಣು ಬಿತ್ತು. ಅದು 1.3ನೇ ಆವೃತ್ತಿಯ ಪುಟ. ಅಪೆಂಡ್ ಬಳಸಬೇಡಿ ಎಂಬ ಎಚ್ಚರಿಕೆ 2022ರಲ್ಲಿ ಬಂದ 1.4ರಲ್ಲೇ ಶುರುವಾಗಿತ್ತು. 2023ರ ಏಪ್ರಿಲ್‌ನಲ್ಲಿ ಬಂದ 2.0ರಲ್ಲಿ ಅದನ್ನು ಕಿತ್ತೇ ಹಾಕಿದ್ದರು. ನೋಟ್‌ಬುಕ್ ಸೇವೆಯವರು ಯಾವಾಗಲೋ ಪಾಂಡಾಸ್ ಅಪ್‌ಡೇಟ್ ಮಾಡಿದ್ದಾರೆ, ನನಗೆ ಗೊತ್ತಾಗಿಲ್ಲ. ನಮ್ಮ ಕಂಪ್ಯೂಟರಿನಲ್ಲಾದರೆ ನಾವು ಕೈ ಹಾಕದೆ ಲೈಬ್ರರಿ ಬದಲಾಗುವುದಿಲ್ಲ. ಇಲ್ಲಿ ನಾವು ಬಾಡಿಗೆದಾರರು, ಮನೆಯ ಮಾಲೀಕರು ಯಾವಾಗ ಸುಣ್ಣಬಣ್ಣ ಮಾಡಿಸುತ್ತಾರೋ ಹೇಳಲಾಗದು.

ಅದೇ ಅಪೆಂಡ್ ಕೊನೆಗೆ ಪ್ರಶ್ನಾರ್ಥಕ ಹಾಕಿದೆ. ಹಾಗೊಂದು ಸಿಗಲಿಲ್ಲ ಎಂದು ಒಂದೇ ಸಾಲಿನ ಉತ್ತರ ಬಂತು. ಮೊದಲೇ ಇದನ್ನು ಮಾಡಿದ್ದರೆ ಐದು ಸೆಕೆಂಡಿನ ಕೆಲಸ. ಏಕೆಂದರೆ ಇದು ತೋರಿಸುವುದು ಆ ಸೆಷನ್‌ನಲ್ಲಿ ಇನ್‌ಸ್ಟಾಲ್ ಆಗಿರುವ ಕೋಡಿನೊಳಗೇ ಬರೆದಿಟ್ಟ ವಿವರಣೆಯನ್ನು. ಆವೃತ್ತಿ ತಪ್ಪುವ ಮಾತೇ ಇಲ್ಲ. ಎರಡು ಪ್ರಶ್ನಾರ್ಥಕ ಹಾಕಿದರೆ ಪೈಥಾನ್‌ನಲ್ಲೇ ಬರೆದ ಫಂಕ್ಷನ್ನಿನ ಸೋರ್ಸ್ ಕೋಡ್ ಕೂಡ ಕಾಣುತ್ತದೆ. ಅಪೆಂಡ್ ಬದಲಿಗೆ ಬಳಸಬೇಕಾದ, ಟೇಬಲ್‌ಗಳನ್ನು ಒಂದಕ್ಕೊಂದು ಜೋಡಿಸುವ 'ಕಾನ್‌ಕ್ಯಾಟ್' ಅನ್ನು ನಾನು ಕಲಿತದ್ದೂ ಹೀಗೇ. ಅದರಿಂದ ಇನ್ನೊಂದು ಲಾಭವಾಯಿತು. ಲೂಪಿನೊಳಗೆ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕೋಡ್) ಸಾಲು ಸಾಲಾಗಿ ಅಪೆಂಡ್ ಮಾಡಿದರೆ ಪ್ರತಿ ಸಲವೂ ಇಡೀ ಟೇಬಲ್ ನಕಲಾಗುತ್ತದೆ. ಎಲ್ಲವನ್ನೂ ಲಿಸ್ಟಿನಲ್ಲಿ ಕೂಡಿಸಿಟ್ಟು ಕೊನೆಗೆ ಒಮ್ಮೆ ಕಾನ್‌ಕ್ಯಾಟ್ ಮಾಡಿದರೆ ಆ ಕಾಟವಿಲ್ಲ.

'ಹೆಲ್ಪ್' ಫಂಕ್ಷನ್ ಕೂಡ ಇದೇ ವಿವರಣೆ ಕೊಡುತ್ತದೆ. ಆದರೆ ಇಡೀ ಡೇಟಾಫ್ರೇಮ್ ಕ್ಲಾಸ್ ಬಗ್ಗೆ ಕೇಳಿಬಿಟ್ಟರೆ ಸ್ಕ್ರೋಲ್ ಮಾಡಿ ಮಾಡಿ ಬೆರಳು ಸೋಲುತ್ತದೆ.

ಪ್ರಶ್ನಾರ್ಥಕದಲ್ಲೂ ಒಂದು ಕೊರತೆ ಇದೆ. ಉದ್ದನೆಯ ಲೆಕ್ಕವೊಂದು ಓಡುತ್ತಿರುವಾಗ ಕೇಳಿದರೆ ನಮ್ಮ ಪ್ರಶ್ನೆ ಅದರ ಹಿಂದೆ ಕ್ಯೂನಲ್ಲಿ ನಿಲ್ಲುತ್ತದೆ. ಆಗ ನನಗೆ ಡೆವ್‌ಡಾಕ್ಸ್ ಬೇಕು. ಅದರಲ್ಲಿ ಆವೃತ್ತಿ ಆರಿಸಿಕೊಳ್ಳಬಹುದು, ಒಮ್ಮೆ ಬ್ರೌಸರಿಗೆ ಇಳಿಸಿಟ್ಟರೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಹುಡುಕಾಟ ಚುರುಕು. ಸರಿಯಾದ ಆವೃತ್ತಿ ಆರಿಸುವ ಜವಾಬ್ದಾರಿ ಮಾತ್ರ ನಮ್ಮದೇ.

ಸರ್ಚ್ ಬೇಡವೇ ಬೇಡ ಎನ್ನುತ್ತಿಲ್ಲ. ಫಂಕ್ಷನ್ನಿನ ಹೆಸರೇ ಗೊತ್ತಿಲ್ಲದಾಗ, 'ಎರಡು ಟೇಬಲ್ ಜೋಡಿಸುವುದು ಹೇಗೆ' ಅಂತ ಕೇಳಬೇಕಾದಾಗ ಅದೇ ಗತಿ. ಹೆಸರು ಅರ್ಧ ನೆನಪಿದ್ದರೆ ಅದೂ ಬೇಡ. ಗೊತ್ತಿರುವಷ್ಟು ಬರೆದು, ಉಳಿದದ್ದಕ್ಕೆ ನಕ್ಷತ್ರ ಚಿಹ್ನೆ ಹಾಕಿ, ಕೊನೆಗೆ ಪ್ರಶ್ನಾರ್ಥಕ ಇಟ್ಟರೆ ಹೊಂದುವ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ.

ಮೂರಕ್ಕೂ ದುಡ್ಡು ಕೊಡಬೇಕಿಲ್ಲ, ಹಾಗಾಗಿ ನನ್ನ ಬಜೆಟ್ ಏನಿದ್ದರೂ ಲ್ಯಾಪ್‌ಟಾಪಿನ ಮೆಮೊರಿಯದು. ಅದು ಹಳೆಯದು, ಹತ್ತು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ. ಮೌಸ್ ಹಿಡಿಯಲು ನನಗೂ ಸೋಮಾರಿತನ. ನಿಮ್ಮದು ಎರಡು ಮಾನಿಟರಿನ ಸಂಸಾರವಾಗಿದ್ದರೆ ಡೆವ್‌ಡಾಕ್ಸ್ ಒಂದರಲ್ಲಿ ಸದಾ ತೆರೆದೇ ಇರಲಿ. ನಾನು ಈಗ ಪ್ರತಿ ನೋಟ್‌ಬುಕ್ಕಿನ ಮೊದಲ ಸೆಲ್‌ನಲ್ಲೇ ಪಾಂಡಾಸ್ ಆವೃತ್ತಿಯನ್ನು ಪ್ರಿಂಟ್ ಮಾಡಿ ನೋಡಿಯೇ ಮುಂದಿನ ಸಾಲು ಬರೆಯುತ್ತೇನೆ.