ನಿರ್ವಾತ ಧ್ರುವೀಕರಣದ ಕೈಬರಹದ ನೋಟ್ಸ್: ಲೆಕ್ಕ ಚೆನ್ನ, ಪ್ರತಿ ಮಸುಕು

ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಎಂ.ಎಸ್ಸಿ. ಭೌತಶಾಸ್ತ್ರದವರಿಗೂ ನೆಟ್, ಕೆಸೆಟ್ ಪರೀಕ್ಷೆಗೆ ಓದುವವರಿಗೂ ಮಾರುವ ಕೈಬರಹದ ನೋಟ್ಸ್‌ಗಳ ಪೈಕಿ ನಿರ್ವಾತ ಧ್ರುವೀಕರಣದ ಭಾಗವು ನಿಜವಾಗಿಯೂ ಕೊಳ್ಳಲು ಯೋಗ್ಯವಾಗಿದೆ. ಬರೆದವರು ನಿವೃತ್ತ ಉಪನ್ಯಾಸಕರೆಂದು ಅಂಗಡಿಯವರು ಹೇಳುತ್ತಾರೆ, ಪುಟಗಳಲ್ಲಿ ಹೆಸರಿಲ್ಲ.

ವಿದ್ಯುದಾವೇಶದ ಸುತ್ತ ಕ್ಷಣಮಾತ್ರ ತೋರಿ ಮರೆಯಾಗುವ ಎಲೆಕ್ಟ್ರಾನ್–ಪಾಸಿಟ್ರಾನ್ ಮೊದಲಾದ ಕಣ–ಪ್ರತಿಕಣ ಜೋಡಿಗಳು ಆ ಆವೇಶವನ್ನು ಭಾಗಶಃ ಮರೆಮಾಡುವುದರಿಂದ, ಹತ್ತಿರ ಹೋದಷ್ಟೂ ಅದು ಹೆಚ್ಚಾಗಿ ಕಾಣುತ್ತದೆ; ಇದೇ ನಿರ್ವಾತ ಧ್ರುವೀಕರಣ. ವಿದ್ಯುತ್ಕಾಂತೀಯ ಬಲದ ಪ್ರಮಾಣವನ್ನು ಸೂಚಿಸುವ, ದೂರದಲ್ಲಿ ಸುಮಾರು 1/137 ಇರುವ ಸೂಕ್ಷ್ಮರಚನಾ ಸ್ಥಿರಾಂಕವು, ತೀರ ಹತ್ತಿರಕ್ಕೆ ಒಯ್ಯುವ 91 ಜಿಇವಿ (ಗಿಗಾ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಆಸುಪಾಸಿನಲ್ಲಿ ಸುಮಾರು 1/128 ಆಗುತ್ತದೆ. ಇಷ್ಟನ್ನು ಯಾವ ಗೈಡಾದರೂ ಹೇಳೀತು. ಈ ನೋಟ್ಸ್‌ನ ಹೆಚ್ಚುಗಾರಿಕೆ ಲೆಕ್ಕದಲ್ಲಿದೆ. ಘಾತಗಳನ್ನು ಎಣಿಸಿದರೆ ವರ್ಗದ ವೇಗದಲ್ಲಿ ಅನಂತಕ್ಕೆ ಹೋಗುವಂತೆ ತೋರುವ ಲೂಪ್ (ಆ ಜೋಡಿ ಹುಟ್ಟಿ ಅಳಿಯುವುದನ್ನು ಸೂಚಿಸುವ ಸುತ್ತು), ವಿದ್ಯುತ್ಕಾಂತೀಯ ಸಿದ್ಧಾಂತದ ಮೂಲ ಸಮ್ಮಿತಿಯಾದ ಗೇಜ್ ಸಮ್ಮಿತಿಯ ಕಾರಣದಿಂದ ಬರೀ ಲಾಗರಿದಮ್‌ನಷ್ಟಕ್ಕೆ ಇಳಿಯುವುದನ್ನು ಒಂದು ಹೆಜ್ಜೆಯನ್ನೂ ನುಂಗದೆ ತೋರಿಸಿದ್ದಾರೆ. ಅಲ್ಲಿಗೆ ನಿಲ್ಲಿಸದೆ ಲ್ಯಾಂಬ್ ಪಲ್ಲಟದವರೆಗೂ, ಅಂದರೆ ಒಂದೇ ಆಗಿರಬೇಕೆಂದುಕೊಂಡಿದ್ದ ಎರಡು ಶಕ್ತಿಮಟ್ಟಗಳ ನಡುವಿನ ಸಣ್ಣ ಅಂತರದವರೆಗೂ ಬರುತ್ತಾರೆ. 1947ರಲ್ಲಿ ಲ್ಯಾಂಬ್ ಮತ್ತು ರೆದರ್‌ಫೋರ್ಡ್ ಹೈಡ್ರೋಜನ್ನಿನಲ್ಲಿ ಕಂಡ ಅಂತರ, ಇಂದಿನ ಅಳತೆಯಲ್ಲಿ, ಸುಮಾರು 1058 ಮೆಗಾಹರ್ಟ್ಸ್. ಅದಕ್ಕೆ 12 ವರ್ಷ ಮೊದಲೇ ಯೂಲಿಂಗ್ ಲೆಕ್ಕಹಾಕಿದ ನಿರ್ವಾತ ಧ್ರುವೀಕರಣದ ಪಾಲು ಬರೀ 27, ಅದೂ ವಿರುದ್ಧ ದಿಕ್ಕಿನಲ್ಲಿ. ಚಿಕ್ಕದೆಂದು ಆ ಪಾಲನ್ನು ಬಿಟ್ಟರೆ ಸಿದ್ಧಾಂತವೂ ಪ್ರಯೋಗವೂ ತಾಳೆಯಾಗುವುದಿಲ್ಲ ಎಂಬುದನ್ನು ಅವರು ಅಂಕಿಗಳಲ್ಲೇ ಮನಗಾಣಿಸುತ್ತಾರೆ.

ಆದರೆ ಎಲೆಕ್ಟ್ರಾನಿನ ಬದಲು ಮ್ಯುವಾನ್ ಸುತ್ತುವ ಮ್ಯುವಾನಿಕ್ ಹೈಡ್ರೋಜನ್ನಿಗೆ ಒಂದೇ ಸಾಲು ಮೀಸಲಿಟ್ಟಿರುವುದು ಅನ್ಯಾಯ. ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರವಾದ ಮ್ಯುವಾನ್ ಪ್ರೋಟಾನಿಗೆ ಅಷ್ಟು ಸಮೀಪ ಸುತ್ತುವುದರಿಂದ ಅಲ್ಲಿ ಲ್ಯಾಂಬ್ ಪಲ್ಲಟದ ಬಹುಪಾಲು ನಿರ್ವಾತ ಧ್ರುವೀಕರಣದ್ದೇ ಆಗಿರುತ್ತದೆ. 2010ರಲ್ಲಿ ಪ್ರೋಟಾನಿನ ತ್ರಿಜ್ಯ ಹಿಂದಿನ ಅಳತೆಗಳಿಗಿಂತ ಕಡಿಮೆ, ಸುಮಾರು 0.84 ಫೆಮ್ಟೊಮೀಟರ್ ಎಂದು ಬಂದು ಗದ್ದಲವೆದ್ದದ್ದು ಇದೇ ಅಳತೆಯಿಂದ. ನಿರ್ವಾತ ಧ್ರುವೀಕರಣದಲ್ಲಿ ಕ್ವಾರ್ಕುಗಳಿಗಿರುವ ಪಾಲಿನ ಮಾತಂತೂ ಈ ನೋಟ್ಸ್‌ನಲ್ಲಿ ಇಲ್ಲವೇ ಇಲ್ಲ.

ಪ್ರತಿಯ ಪ್ರತಿ ತೆಗೆದು ಮಾರುವುದರಿಂದ ಲೂಪ್ ಚಿತ್ರಗಳ ಬಾಣಗುರುತು ಅಳಿಸಿಹೋಗಿದೆ, ಕೆಲವು ಪುಟಗಳಲ್ಲಿ ಋಣಚಿಹ್ನೆಯೇ ಮಾಯವಾಗಿದೆ. ಯಾವ ಮೆಟ್ರಿಕ್ (ಕಾಲ, ದೇಶಗಳ ಪದಗಳಿಗೆ ಧನ, ಋಣ ಚಿಹ್ನೆ ಕೊಡುವ ಪದ್ಧತಿ) ಬಳಸಿದ್ದಾರೆಂದು ಮೊದಲ ಪುಟದಲ್ಲಿ ಬರೆಯದಿರುವ ಕಾರಣ ಆ ಚಿಹ್ನೆಯನ್ನು ಊಹಿಸಿ ತುಂಬುವುದೂ ಸುಲಭವಲ್ಲ. ಮೂಲ ಹಾಳೆಗಳು ಅಂಗಡಿಯಲ್ಲೇ ಇವೆ; ಕೇಳಿದರೆ ಅದರಿಂದಲೇ ತೆಗೆದು ಸ್ಪೈರಲ್ ಹಾಕಿಕೊಡುತ್ತಾರೆ. ಬೆಳಿಗ್ಗೆ ಆಧಾರ್, ಪಹಣಿ ಜೆರಾಕ್ಸಿನವರ ನೂಕುನುಗ್ಗಲಿರುತ್ತದೆಯಾದ್ದರಿಂದ ಬಿಸಿಲು ಇಳಿದ ಮೇಲೆ ಹೋಗುವುದು ಒಳ್ಳೆಯದು.